ದೀಪ ಹಚ್ಚುವ ಹೊತ್ತು ಅಲ್ಲಿ ನಾಲ್ಕು ಗಂಟೆಗೇ

ಪತ್ರದ ಸಾರ: ಹಾಸನ ಜಿಲ್ಲೆಯ ಓದುಗರೊಬ್ಬರು ಐರ್ಲೆಂಡಿನ ಡಬ್ಲಿನ್ ನಗರದಿಂದ ಬರೆದಿದ್ದಾರೆ. ಅಲ್ಲಿ ಎಂ.ಎಸ್ಸಿ. ಓದುತ್ತಿರುವ ಅವರು ಡ್ರಮ್‌ಕಾಂಡ್ರಾದಲ್ಲಿ ಹಿರಿಯ ಮಹಿಳೆಯೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದಾರೆ. ಗುರುವಾರ ರಾತ್ರಿ ಸಹಪಾಠಿಗಳ ಜೊತೆ ಪಬ್ಬಿಗೆ, ಒಮ್ಮೊಮ್ಮೆ ಅಲ್ಲಿಂದ ಕ್ಲಬ್ಬಿಗೆ ಹೋಗುವುದು ರೂಢಿಯಾಗಿದೆ. ಕುಡಿಯುವುದಿಲ್ಲ. ಒಂದು ದಿನ ಬೆಳಗಿನ ಜಾವ ಮೂರಕ್ಕೆ ಬಂದಾಗ ಮನೆಯೊಡತಿ ಎದ್ದು ಬಂದು ಬಾಗಿಲು ತೆಗೆದರಂತೆ. ಬೆಳಿಗ್ಗೆ ‘ನಿನ್ನೆ ತುಂಬಾ ತಡವಾಯಿತಲ್ಲ’ ಎಂದಷ್ಟೇ ಅಂದರಂತೆ. ಆ ಮೂರು ಗಂಟೆಗೆ ಊರಲ್ಲಿ ಬೆಳಿಗ್ಗೆ ಎಂಟೂವರೆ. ವಾಟ್ಸಾಪಿನಲ್ಲಿ ಮಗಳು ಆನ್‌ಲೈನ್ ಇರುವುದನ್ನು ಕಂಡ ಅಮ್ಮ ‘ಇನ್ನೂ ಮಲಗಿಲ್ವಾ?’ ಎಂದು ಕೇಳಿದ್ದಾರೆ. ‘ಓದ್ತಾ ಇದ್ದೆ’ ಎಂದು ಇವರು ಸುಳ್ಳು ಹೇಳಿದ್ದಾರೆ. ನಾನು ದಾರಿ ತಪ್ಪುತ್ತಿದ್ದೇನೆಯೇ, ಈ ಮನೆ ಬಿಟ್ಟು ನಮ್ಮ ಕಡೆಯ ಹುಡುಗಿಯರ ಜೊತೆ ಮನೆ ಮಾಡಲೇ, ಅಮ್ಮನಿಗೆ ಏನು ಹೇಳಲಿ ಎಂಬುದು ಅವರ ಪ್ರಶ್ನೆಗಳು. ಹೆಸರು ಬೇಡ ಎಂದಿರುವುದರಿಂದ ಹಾಕಿಲ್ಲ.

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನೀವು ದಾರಿ ತಪ್ಪುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರದ ಉದ್ದಕ್ಕೂ ನೀವು ಈ ಒಂದು ಮಾತಿಗಾಗಿ ಕಾಯುತ್ತಿರುವುದು ಕಾಣುತ್ತದೆ.

ನಿಮ್ಮ ಪತ್ರದ ನಡುವೆ ಒಂದು ವಾಕ್ಯ ಬಂದು ಹೋಗುತ್ತದೆ. ಶನಿವಾರ ರೆಸ್ಟೋರೆಂಟಿನಲ್ಲಿ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆಗೆ 41ನೇ ನಂಬರಿನ ಬಸ್ಸಿನಲ್ಲಿ ಬರುತ್ತೇನೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಗುರುವಾರ ಪಬ್ಬಿನಿಂದ ಮರಳುವುದೂ ಅದೇ ಬಸ್ಸಿನಲ್ಲಿ, ಅದೇ ರಸ್ತೆಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ದುಡಿದು ಬಂದ ರಾತ್ರಿ ನಿಮಗೆ ಚೆನ್ನಾಗಿ ನಿದ್ದೆ ಬರುತ್ತದೆ, ಗೆಳೆಯರ ಜೊತೆ ನಕ್ಕು ಬಂದ ರಾತ್ರಿ ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ರಾತ್ರಿ ದುಡಿಯಲು ಒಪ್ಪಿಗೆ ಬೇಗ ಸಿಕ್ಕಿತು. ಕಾಲ್ ಸೆಂಟರುಗಳ ಕಾಲದಿಂದ ಬೆಂಗಳೂರಿನಲ್ಲಿ ಇಡೀ ರಾತ್ರಿ ಓಡಾಡುವ ಕ್ಯಾಬುಗಳನ್ನು ನೋಡಿ. ರಾತ್ರಿ ಸುಮ್ಮನೆ ಸಂತೋಷವಾಗಿರಲು ಮಾತ್ರ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ನಿಮ್ಮ ಕಳವಳದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಅದನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು ಎಂಬ ಮಾತನ್ನು ಕೇಳುತ್ತ ಬೆಳೆದವರು ನಾವೆಲ್ಲ. ಹಾಸನದಲ್ಲಿ ಈ ಮಾತು ನಡೆಯುತ್ತದೆ, ಏಕೆಂದರೆ ಅಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಏಳರ ಒಳಗೆ ಸೂರ್ಯ ಮುಳುಗುತ್ತಾನೆ. ಡಬ್ಲಿನ್ನಿನಲ್ಲಿ ಡಿಸೆಂಬರ್ ಬಂದರೆ ಸಂಜೆ ನಾಲ್ಕು ದಾಟುತ್ತಲೇ ಕತ್ತಲು, ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಅಮ್ಮ ಹೇಳಿಕೊಟ್ಟ ನಿಯಮವನ್ನು ಅಲ್ಲಿ ಅಕ್ಷರಶಃ ಪಾಲಿಸಿದರೆ ಚಳಿಗಾಲದಲ್ಲಿ ಮಧ್ಯಾಹ್ನದ ತರಗತಿ ಮುಗಿಸಿ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಮೊದಲ ವರ್ಷ ಹಾಗೆ ಕೂತವರನ್ನು ನಾನು ಬಲ್ಲೆ. ಅವರ ಅಂಕಗಳು ಹೆಚ್ಚಲಿಲ್ಲ, ಒಂಟಿತನ ಹೆಚ್ಚಿತು.

ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ ನೀವು ಪಿ.ಜಿ.ಯಲ್ಲಿದ್ದಿರಿ, ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಿದ್ದರು ಎಂದಿದ್ದೀರಿ. ಅದಕ್ಕೂ ಮೊದಲು ಮನೆ. ಅಂದರೆ ಎಷ್ಟು ಹೊತ್ತಿಗೆ ಮರಳಬೇಕು ಎಂಬುದನ್ನು ಈವರೆಗೆ ನೀವು ನಿರ್ಧರಿಸಿದ್ದೇ ಇಲ್ಲ. ಗೇಟು ನಿರ್ಧರಿಸುತ್ತಿತ್ತು, ಇಲ್ಲವೇ ಅಪ್ಪ. ಈಗ ಆ ಕೆಲಸ ಮೊದಲ ಸಲ ನಿಮ್ಮ ಕೈಗೆ ಬಂದಿದೆ. ಅದನ್ನು ಮತ್ತೆ ಯಾರ ಕೈಗೂ ಕೊಡಬೇಡಿ. ಮನೆಯೊಡತಿಯ ಮುಖಭಾವಕ್ಕೂ ಬೇಡ, ‘ಇನ್ನೊಂದರ್ಧ ಗಂಟೆ ಇರು’ ಎನ್ನುವ ಗೆಳೆಯರಿಗೂ ಬೇಡ. ಹೊರಡುವ ಮುನ್ನವೇ ‘ಈ ದಿನ ಹನ್ನೆರಡರ ಬಸ್ಸು’ ಎಂದು ನಿಮ್ಮಷ್ಟಕ್ಕೆ ಗೊತ್ತು ಮಾಡಿಕೊಳ್ಳಿ, ಹನ್ನೆರಡಕ್ಕೆ ಎದ್ದು ಬನ್ನಿ. ಎರಡೂವರೆಯವರೆಗೆ ಇರಬೇಕೆನಿಸಿದ ದಿನ ಅದನ್ನೂ ಮೊದಲೇ ನಿರ್ಧರಿಸಿ. ನಿಮ್ಮ ಪತ್ರದಲ್ಲಿ ನನಗೆ ಕೊಂಚ ಚಿಂತೆ ತಂದದ್ದು ಮೂರು ಗಂಟೆಯಲ್ಲ, ‘ಎಲ್ಲರೂ ಇದ್ದರು, ನಾನೂ ಇದ್ದೆ’ ಎಂಬ ಮಾತು.

ಊರಿನಲ್ಲಿರುವವರಿಗಾಗಿ ಪಬ್ಬಿನ ಬಗ್ಗೆ ನಾಲ್ಕು ಮಾತು. ನಮ್ಮ ಹೆದ್ದಾರಿ ಬದಿಯ ಬಾರ್ ಅಂಡ್ ರೆಸ್ಟೋರೆಂಟನ್ನು ನೆನೆದು ಐರ್ಲೆಂಡಿನ ಪಬ್ಬನ್ನು ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ಅಲ್ಲಿಗೆ ಅಜ್ಜಿಯರು ಬರುತ್ತಾರೆ, ಅಪ್ಪ ಅಮ್ಮನ ಜೊತೆ ಮಕ್ಕಳೂ ಬರುತ್ತಾರೆ. ಹದಿನೈದು ತುಂಬದ ಮಕ್ಕಳು ರಾತ್ರಿ ಒಂಬತ್ತಕ್ಕೆ, ಬೇಸಿಗೆಯಲ್ಲಾದರೆ ಹತ್ತಕ್ಕೆ, ಹೊರಡಬೇಕೆಂದು ಕಾನೂನೇ ಇದೆ. 2004ರಿಂದ ಒಳಗೆ ಸಿಗರೇಟು ಸೇದುವಂತಿಲ್ಲ. ಕೆಲಸದ ಜಾಗಗಳಲ್ಲೆಲ್ಲ ಧೂಮಪಾನ ನಿಷೇಧಿಸಿದ ಮೊದಲ ದೇಶ ಅದು. ಸೋಮವಾರದಿಂದ ಗುರುವಾರದವರೆಗೆ ಸಾಮಾನ್ಯ ಪಬ್ಬುಗಳು ಹನ್ನೊಂದೂವರೆಗೆ, ಶುಕ್ರವಾರ ಶನಿವಾರ ಹನ್ನೆರಡೂವರೆಗೆ ಮದ್ಯ ಕೊಡುವುದನ್ನು ನಿಲ್ಲಿಸುತ್ತವೆ. ಲೋಟ ಖಾಲಿ ಮಾಡಲು ಅರ್ಧ ಗಂಟೆ. ವಿಶೇಷ ಪರವಾನಗಿ ಪಡೆದ ಕ್ಲಬ್ಬುಗಳು ಎರಡೂವರೆಯವರೆಗೆ. ಅಲ್ಲಿಗೆ ಇಡೀ ಊರು ಒಟ್ಟಿಗೇ ಬೀದಿಗೆ ಬಂದು ಬಿಸಿ ಆಲೂ ಚಿಪ್ಸಿಗೂ ಟ್ಯಾಕ್ಸಿಗೂ ಸಾಲು ನಿಲ್ಲುತ್ತದೆ. ನಿಮ್ಮ ಮೂರು ಗಂಟೆಯ ಲೆಕ್ಕ ಅಲ್ಲಿಂದ ಬಂದದ್ದು.

ಕ್ಲಬ್ಬಿನ ಸದ್ದು ನಿಮಗೆ ಅಷ್ಟಾಗಿ ಹಿಡಿಸಿಲ್ಲ ಎಂದಿರುವುದರಿಂದ ಒಂದು ಜಾಗ ಹೇಳುತ್ತೇನೆ. ಸ್ಮಿತ್‌ಫೀಲ್ಡಿನಲ್ಲಿ ಕಾಬಲ್‌ಸ್ಟೋನ್ ಎಂಬ ಪಬ್ಬಿದೆ. ಮುಂಬಾಗಿಲ ಹತ್ತಿರದ ಮೂಲೆಯಲ್ಲಿ ಪಿಟೀಲು, ಕೊಳಲು, ಐರಿಶ್ ಪೈಪು ಹಿಡಿದವರು ಕೂತು ನುಡಿಸುತ್ತಿರುತ್ತಾರೆ. ವೇದಿಕೆಯಿಲ್ಲ, ಮೈಕಿಲ್ಲ. ಒಬ್ಬರು ಒಂದು ಮಟ್ಟು ಎತ್ತಿಕೊಂಡರೆ ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಭಜನೆಮನೆಯಲ್ಲಿ ಕೂತವನು ನಾನು, ಅಲ್ಲಿಯೂ ಹಾಗೆಯೇ ಕಾಲು ಮಡಚಿ ಕೂರಬೇಕೆನಿಸಿತು. 2021ರಲ್ಲಿ ಆ ಜಾಗದಲ್ಲಿ ಹೋಟೆಲು ಕಟ್ಟುವ ಯೋಜನೆ ಬಂದಾಗ ಜನ ಬೀದಿಗಿಳಿದರು, ನಗರಸಭೆ ಅನುಮತಿ ನಿರಾಕರಿಸಿತು. ಒಂದು ನಿಂಬೆ ಸೋಡಾ ತೆಗೆದುಕೊಂಡು ಅಲ್ಲಿ ಸಂಜೆಯೆಲ್ಲ ಕೂರಬಹುದು. ಪ್ರವಾಸಿಗರು ಮುಗಿಬೀಳುವ ಟೆಂಪಲ್ ಬಾರ್ ಎಂಬ ಪ್ರದೇಶದಲ್ಲಿ ಅದೇ ಸೋಡಾಕ್ಕೆ ಕೈ ಸುಡುತ್ತದೆ.

ಕುಡಿಯದಿದ್ದರೂ ಎಲ್ಲರ ಬಿಯರಿಗೆ ದುಡ್ಡು ಕೊಟ್ಟು ಬಂದೆ ಎಂದು ಬೇಸರದಿಂದ ಬರೆದಿದ್ದೀರಿ. ಅದು ಅಲ್ಲಿನ ‘ರೌಂಡ್’ ಪದ್ಧತಿ. ಐದು ಜನ ಕೂತರೆ ಸರದಿಯಂತೆ ಒಬ್ಬೊಬ್ಬರು ಐದೂ ಜನರಿಗೆ ತರುತ್ತಾರೆ. ಒಮ್ಮೆ ನಿಮ್ಮ ಮುಂದೆ ಯಾರೋ ತಂದಿಟ್ಟ ಲೋಟವನ್ನು ನೀವು ಮುಟ್ಟಿದಿರೋ, ಸರದಿಯೊಳಗೆ ಬಂದ ಹಾಗೆ. ತನ್ನ ಸರದಿ ಬರುವ ಮುನ್ನ ಎದ್ದು ಹೋಗುವವರನ್ನು ಅವರು ಮರೆಯುವುದಿಲ್ಲ. ಆದರೆ ಕೂರುವಾಗಲೇ ‘ನಂದು ನಾನೇ ತಗೋತೀನಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಯಾಕೆಂದು ಕೇಳುವುದೂ ಇಲ್ಲ. ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಲು ವೀಸಾ ಬಿಡುವಾಗ ಶನಿವಾರದ ಸಂಬಳವನ್ನು ಗುರುವಾರ ಬೇರೆಯವರ ಲೋಟಕ್ಕೆ ಸುರಿಯುವುದು ನ್ಯಾಯವಲ್ಲ. ಸಂಕೋಚ ಬಿಟ್ಟು ಹೇಳಿ.

ಇನ್ನು ಮನೆಯ ವಿಷಯ. ಅಲ್ಲಿನವರು ಡಿಗ್ಸ್ ಎಂದು ಕರೆಯುವ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿದರೆ ನಿಮ್ಮ ಅರ್ಧ ದುಗುಡ ಕಡಿಮೆಯಾದೀತು. ಡಬ್ಲಿನ್ನಿನಲ್ಲಿ ಬಾಡಿಗೆ ಮನೆಗೆ ಭಾರೀ ಬರ. ಹಾಗಾಗಿ ತಾವು ವಾಸವಿರುವ ಮನೆಯಲ್ಲಿ ಕೋಣೆ ಕೊಡುವವರಿಗೆ ವರ್ಷಕ್ಕೆ 14,000 ಯೂರೋವರೆಗಿನ ಆ ಆದಾಯಕ್ಕೆ ಅಲ್ಲಿನ ಸರ್ಕಾರ ತೆರಿಗೆ ಹಾಕುವುದಿಲ್ಲ. ಮಕ್ಕಳು ಬೇರೆಯಾದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಇದು ಖರ್ಚಿಗೂ ಆಯಿತು, ಮನೆಯಲ್ಲಿ ಇನ್ನೊಂದು ಜೀವದ ಸದ್ದೂ ಆಯಿತು. ಅಲ್ಲಿನ ಎಷ್ಟೋ ವಿದ್ಯಾರ್ಥಿಗಳು ಸೋಮವಾರ ಬಂದು ಶುಕ್ರವಾರ ಸಂಜೆ ಕೊಳೆಬಟ್ಟೆಯ ಚೀಲ ಹೊತ್ತು ಊರಿನ ಬಸ್ಸು ಹತ್ತುತ್ತಾರೆ. ನಿಮ್ಮ ಸಹಪಾಠಿಗಳು ಗುರುವಾರವೇ ಹೊರಗೆ ಹೋಗುವುದು ಅದಕ್ಕೇ. ಶುಕ್ರವಾರದ ಹೊತ್ತಿಗೆ ಅವರು ಅಮ್ಮನ ಅಡುಗೆಮನೆಯಲ್ಲಿರುತ್ತಾರೆ, ನೀವು ಖಾಲಿ ಬಿದ್ದ ಬೀದಿಯ ಮನೆಯಲ್ಲಿ ಮನೆಯೊಡತಿಯ ಟಿ.ವಿ. ಸದ್ದು ಕೇಳುತ್ತ ಕೂರುತ್ತೀರಿ. ನಿಮ್ಮ ಪತ್ರದ ಅತ್ಯಂತ ನೋವಿನ ಭಾಗ ಈ ಶನಿವಾರ ಭಾನುವಾರಗಳ ವರ್ಣನೆ. ಅದನ್ನು ನೀವು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಗುರುವಾರದ ರಾತ್ರಿಯನ್ನು ಮೂರರವರೆಗೆ ಎಳೆಯುತ್ತಿರುವುದು ಭಾನುವಾರದ ಆ ಖಾಲಿತನವೇ ಇರಬಹುದು. ಯೋಚಿಸಿ ನೋಡಿ.

ಮನೆಯೊಡತಿ ನಿದ್ದೆಗೆಟ್ಟು ಎದ್ದು ಬಂದದ್ದು ನಿಮ್ಮ ನಡತೆಯನ್ನು ತೂಗಲಿಕ್ಕೆ ಎಂದು ನೀವು ತೀರ್ಮಾನಿಸಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಒಂಟಿಯಾಗಿರುವ ವಯಸ್ಸಾದ ಹೆಂಗಸು ಮಲಗುವ ಮುನ್ನ ಮುಂಬಾಗಿಲಿಗೆ ಸರಪಳಿ ಹಾಕುತ್ತಾರೆ. ನೀವು ಬಂದಿದ್ದೀರೋ ಇಲ್ಲವೋ ತಿಳಿಯದಿದ್ದರೆ ಹಾಕಿದರೂ ಕಷ್ಟ, ಬಿಟ್ಟರೂ ಭಯ. ಮರದ ಮೆಟ್ಟಿಲಿನ ಸದ್ದಿಗೆ ಎಚ್ಚರವಾದ ಮೇಲೆ ಆ ವಯಸ್ಸಿನಲ್ಲಿ ಮತ್ತೆ ನಿದ್ದೆ ಹತ್ತುವುದು ಸುಲಭವಲ್ಲ. ‘ಎರಡೂವರೆ ಆಗುತ್ತೆ, ಸರಪಳಿ ಹಾಕಬೇಡಿ, ಬಂದು ನಾನೇ ಹಾಕ್ತೀನಿ’ ಎಂಬ ಒಂದು ಮೆಸೇಜು ಕಳಿಸಿದ್ದರೆ ಅವರು ಎದ್ದು ಬರುತ್ತಲೇ ಇರಲಿಲ್ಲ. ಅದು ಅನುಮತಿ ಕೇಳಿದಂತೆ ಆಗುವುದಿಲ್ಲ. ಒಂದೇ ಸೂರಿನಡಿ ಇರುವವರು ಒಬ್ಬರಿಗೊಬ್ಬರು ತೋರುವ ಕಾಳಜಿ ಅದು. ಶೂ ಬಾಗಿಲಲ್ಲೇ ಬಿಚ್ಚಿ ಮೇಲೆ ಹೋಗಿ. ಮೂರು ಗಂಟೆಗೆ ಬಂದು ಸ್ನಾನಕ್ಕೆ ಬಿಸಿನೀರು ಹಾಕಬೇಡಿ. ಅವರ ಬೆಳಗಿನ ಮಾತಿನ ಅರ್ಥವೇನೆಂದು ಕೋಣೆಯಲ್ಲಿ ಕೂತು ಊಹಿಸುವ ಬದಲು ಟೀ ಕುಡಿಯುವಾಗ ನೇರವಾಗಿ ಕೇಳಿಬಿಡಿ: ‘ಆ ದಿನ ನಿಮಗೆ ತೊಂದರೆ ಆಯಿತೇ? ಮುಂದೆ ಹೇಗೆ ಮಾಡಲಿ?’

ಮನೆ ಬಿಡಬೇಕೇ? ಕೇಳಿದ ಮೇಲೂ ಅವರ ಮುಖ ಗಂಟಿಕ್ಕಿಕೊಂಡೇ ಇದ್ದರೆ, ನಿಮ್ಮ ಕೋಣೆಗೆ ಬಾಗಿಲು ತಟ್ಟದೆ ಬರುತ್ತಿದ್ದರೆ, ಒಗ್ಗರಣೆಗೆ ಹೊಗೆ ಅಲಾರಾಂ ಕೂಗಿತೆಂದು ಅಡುಗೆಮನೆಯನ್ನೇ ಮುಚ್ಚಿದರೆ ಖಂಡಿತ ಬಿಡಿ, ಪರೀಕ್ಷೆ ಮುಗಿಯಲಿ ಎಂದೂ ಕಾಯಬೇಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಇನ್ನೊಂದು ಸಂಗತಿ ತಿಳಿದಿರಲಿ. ಮಾಲೀಕರು ತಾವೇ ವಾಸಿಸುವ ಮನೆಯಲ್ಲಿ ಕೋಣೆ ಪಡೆದವರಿಗೆ ಅಲ್ಲಿನ ಬಾಡಿಗೆದಾರರ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಎಷ್ಟು ದಿನ ಮುಂಚೆ ತಿಳಿಸಬೇಕು, ಗೆಳತಿ ಬಂದರೆ ಉಳಿಯಬಹುದೇ, ಶನಿವಾರ ಭಾನುವಾರ ಇರಬಹುದೇ, ಅಡುಗೆಗೆ ಯಾವ ಹೊತ್ತು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ನಿಮ್ಮ ವಿದ್ಯಾರ್ಥಿ ಸಂಘದಲ್ಲಿ ಕೇಳಿದರೆ ಒಪ್ಪಂದ ಬರೆಯಲು ನೆರವಾಗುತ್ತಾರೆ. ಮುಂಗಡ ವಾಪಸು ಕೊಡದಿದ್ದರೆ ಸಣ್ಣ ವ್ಯಾಜ್ಯಗಳ ನ್ಯಾಯಾಲಯವಿದೆ. ವಕೀಲರು ಬೇಡ, 25 ಯೂರೋ ಶುಲ್ಕ, 2,000 ಯೂರೋವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ.

ನಮ್ಮ ಕಡೆಯವರ ಜೊತೆ ಮನೆ ಮಾಡಿದರೆ ಅನ್ನ ಸಾರು, ಕನ್ನಡ, ನಗು ಎಲ್ಲ ಸಿಗುತ್ತದೆ. ಅದರ ಸುಖ ದೊಡ್ಡದು. ಆದರೆ ಒಂದೇ ಕೋಣೆಗೆ ಎರಡು ಮೂರು ಜನ, ಒಂದೇ ಬಚ್ಚಲು, ಜೊತೆಗೆ ರಾತ್ರಿ ಯಾರು ಎಷ್ಟು ಹೊತ್ತಿಗೆ ಬಂದರೆಂಬ ಸುದ್ದಿ ಹಾಸನದವರೆಗೆ ತಲುಪುವ ದಾರಿಯೂ ಇದೆ. ನಾನಾದರೆ ಈ ಸೆಮಿಸ್ಟರ್ ಈಗಿನ ಮನೆಯಲ್ಲೇ ಇದ್ದು ಭಾನುವಾರಗಳನ್ನು ಆ ಹುಡುಗಿಯರ ಮನೆಗೆ ಹೋಗಿ ಕಳೆಯುತ್ತಿದ್ದೆ.

ಸುರಕ್ಷತೆಯ ಮಾತನ್ನು ಹಾರಿಸುವಂತಿಲ್ಲ. 2025ರ ಜುಲೈನಲ್ಲಿ ಡಬ್ಲಿನ್ನಿನ ಟಾಲಾಟ್ ಪ್ರದೇಶದಲ್ಲಿ ಭಾರತೀಯರೊಬ್ಬರ ಮೇಲೆ ಗುಂಪು ಹಲ್ಲೆ ನಡೆಯಿತು. ಹೊತ್ತುಗೊತ್ತಿಲ್ಲದ ವೇಳೆಯಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಎಂದು ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ ಎಚ್ಚರಿಸಿತು. ನಿಮ್ಮ ಅಮ್ಮ ಇದನ್ನು ಟಿ.ವಿ.ಯಲ್ಲಿ ನೋಡಿರುತ್ತಾರೆ, ಅವರ ಭಯಕ್ಕೆ ಕಾರಣವಿದೆ. ಆದರೆ ಆ ಹಲ್ಲೆ ನಡೆದದ್ದು ಸಂಜೆಯ ಹೊತ್ತಿನಲ್ಲಿ, ಪಬ್ಬು ಮುಚ್ಚುವ ವೇಳೆಯಲ್ಲಲ್ಲ. ರಾತ್ರಿಯೊಂದನ್ನೇ ಶತ್ರು ಮಾಡಿಕೊಂಡು ಹಗಲು ಮೈಮರೆಯಬೇಡಿ. 41ನೇ ನಂಬರಿನ ಬಸ್ಸು 2019ರ ಡಿಸೆಂಬರಿನಿಂದ ರಾತ್ರಿಯಿಡೀ ಓಡುತ್ತಿದೆ ಎಂಬುದು ನಿಮ್ಮ ಅದೃಷ್ಟ. ಕೆಳಗಿನ ಅಂತಸ್ತಿನಲ್ಲಿ ಚಾಲಕರ ಹತ್ತಿರ ಕೂತುಕೊಳ್ಳಿ, ಸ್ಟಾಪಿನಿಂದ ಮನೆಯವರೆಗೆ ದೀಪವಿರುವ ದಾರಿಯನ್ನೇ ಹಿಡಿಯಿರಿ, ಮೇಜಿನ ಮೇಲೆ ಬಿಟ್ಟು ಹೋದ ಲೋಟವನ್ನು ಮತ್ತೆ ಮುಟ್ಟಬೇಡಿ. ತುರ್ತಿಗೆ 112. ಮನೆ ಮುಟ್ಟಿದ ಮೇಲೆ ಒಬ್ಬ ಗೆಳತಿಗೆ ತಿಳಿಸುವ ರೂಢಿ ಇಟ್ಟುಕೊಳ್ಳಿ.

ಕೊನೆಗೆ ಅಮ್ಮ. ಹೇಳಿ. ಆದರೆ ರಾತ್ರಿ ಮೂರಕ್ಕೆ ಮೆಸೇಜಿನಲ್ಲಿ ಬೇಡ, ತಪ್ಪೊಪ್ಪಿಗೆಯ ದನಿಯಲ್ಲೂ ಬೇಡ. ಭಾನುವಾರ ಬೆಳಿಗ್ಗೆ, ಊರಲ್ಲಿ ಮಧ್ಯಾಹ್ನದ ಊಟ ಮುಗಿದು ಅವರು ಸಮಾಧಾನದಿಂದಿರುವಾಗ ವೀಡಿಯೊ ಕಾಲ್ ಮಾಡಿ. ಗುರುವಾರ ಎಲ್ಲಿಗೆ ಹೋಗುತ್ತೀರಿ, ಜೊತೆಗೆ ಯಾರಿರುತ್ತಾರೆ, ಅಲ್ಲಿ ಏನು ಕುಡಿಯುತ್ತೀರಿ, ಯಾವ ಬಸ್ಸಿನಲ್ಲಿ ಬರುತ್ತೀರಿ ಎಂಬುದನ್ನು ಹಾಲು ತರಕಾರಿಯ ಮಾತಿನಷ್ಟೇ ಸಲೀಸಾಗಿ ಹೇಳಿ. ಮನೆಯೊಡತಿ ಒಪ್ಪಿದರೆ ಅವರನ್ನೂ ಫೋನಿನ ಮುಂದೆ ಕರೆತನ್ನಿ. ಭಾಷೆ ಬರದಿದ್ದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿ. ಅಮ್ಮ ಮೊದಲ ಸಲ ಬೈಯಬಹುದು, ಎರಡು ದಿನ ಫೋನ್ ಎತ್ತದಿರಲೂಬಹುದು. ಬೈಸಿಕೊಳ್ಳಿ, ಮೂರನೆಯ ದಿನ ನೀವೇ ಮತ್ತೆ ಫೋನ್ ಮಾಡಿ. ಮಗಳು ಎಲ್ಲಿದ್ದಾಳೆಂದು ತಿಳಿಯದ ಅಮ್ಮನಿಗಿಂತ, ತಿಳಿದು ಸಿಟ್ಟಾಗಿರುವ ಅಮ್ಮ ನಿಮಗೆ ಹತ್ತಿರವಿರುತ್ತಾರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಊರಿಗೂ ನಿಮಗೂ ನಾಲ್ಕೂವರೆ ಗಂಟೆಯಷ್ಟೇ ಅಂತರ. ಅದನ್ನೂ ಅವರಿಗೆ ಹೇಳಿಡಿ, ನೀವು ಮಲಗುವ ಹೊತ್ತಿನ ಲೆಕ್ಕ ತಪ್ಪದಿರಲಿ.