ಕೆಂಪು ಬಾವುಟ ಮತ್ತು ನಮ್ಮವ್ವನ ಹೆಸರು

ಮೊನ್ನೆ ಪುಣೆಯ ಹಿಂಜವಡಿಯ ಕ್ಯಾಂಟೀನಿನಲ್ಲಿ ನೀನು ಕೇಳಿದೆ. "ಜತ್ತದವರು ಕನ್ನಡಿಗರು ಅನ್ನುತ್ತೀರಿ. ಮತ್ತೆ ಒಬ್ಬನೇ ಒಬ್ಬ ಎಂಎಲ್‌ಎ ಇರುವ ಆ ಮರಾಠಿ ಪಕ್ಷದ ಮೇಲೆ ನಿನಗೆ ಯಾಕೆ ಅಷ್ಟು ಅಭಿಮಾನ?" ನಮ್ಮ ಜತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿ ತಾಲೂಕು. ಬೆಂಗಳೂರಿನಿಂದ ನೋಡಿದರೆ ವಿಚಿತ್ರ ಅನ್ನಿಸುವುದು ಸಹಜ. ನಮಗೆ ಹಾಗಲ್ಲ.

ಶೇತಕರಿ ಕಾಮಗಾರ ಪಕ್ಷ, ಅಂದರೆ ರೈತ-ಕಾರ್ಮಿಕರ ಪಕ್ಷ. ಅದನ್ನು ನಮ್ಮ ಕಡೆ ಸುಮ್ನೆ ಶೇಕಾಪ ಅನ್ನುತ್ತಾರೆ. 1947ರಲ್ಲಿ ಹುಟ್ಟಿದ್ದು, ಕೆಂಪು ಬಾವುಟದ್ದು. ಜತ್ತದಲ್ಲಿ ಅದಕ್ಕೆ ಬಲವಿಲ್ಲ, ಪಕ್ಕದ ಸಾಂಗೋಲೆಯಲ್ಲಿದೆ. ಗಣಪತರಾವ್ ದೇಶಮುಖ್ ಅಲ್ಲಿಂದ 11 ಸಲ ಗೆದ್ದರು. ಪಕ್ಷವನ್ನೂ ಬಿಡಲಿಲ್ಲ, ಸರ್ಕಾರಿ ಎಸ್‌ಟಿ ಬಸ್ಸಿನ ಓಡಾಟವನ್ನೂ ಬಿಡಲಿಲ್ಲ. 2021ರಲ್ಲಿ ಅವರು ತೀರಿಕೊಂಡ ದಿನ ನಮ್ಮಪ್ಪ ಹೊಲಕ್ಕೆ ಹೋಗಲಿಲ್ಲ. ನೀನು ಹೇಳಿದ ಆ ಒಬ್ಬ ಎಂಎಲ್‌ಎ ಅವರ ಮೊಮ್ಮಗ, 2024ರಲ್ಲಿ ಗೆದ್ದವರು.

ನಮ್ಮದು ಮಳೆ ಇಲ್ಲದ ಸೀಮೆ. ಕೆಲಸದ ಮಾತಾಡುವವರು ಯಾವ ಭಾಷೆಯಲ್ಲಿ ಮಾತಾಡಿದರೂ ನಿಂತು ಕೇಳುತ್ತೇವೆ. 1972ರ ಬರದಲ್ಲಿ ನಮ್ಮಜ್ಜಿ ರಸ್ತೆಗೆ ಖಡಿ ಒಡೆದಳು. ತಿನ್ನಲು ಸುಕಡಿ ಅನ್ನುವ ಹಿಟ್ಟು ಕೊಡುತ್ತಿದ್ದರಂತೆ. ಕೆಲಸ ಕೊಡಿ ಎಂದು ಆಗ ಮೋರ್ಚಾ ತೆಗೆದವರಲ್ಲಿ ಈ ಕೆಂಪು ಬಾವುಟದವರೂ ಇದ್ದರು. ಕೇಳಿದವರಿಗೆ ಕೂಲಿ ಕೆಲಸದ ಖಾತ್ರಿ ಕೊಡುವ ರೋಜಗಾರ ಹಮಿ ಯೋಜನೆಯ ಮೂಲ ಕಲ್ಪನೆ ಮಾತ್ರ ಕಾಂಗ್ರೆಸ್ಸಿನ ವಿ.ಸ. ಪಾಗೆ ಅವರದು, ಅದನ್ನೂ ಹೇಳಲೇಬೇಕು. 1965ರಲ್ಲಿ ಮೊದಲ ಪ್ರಯೋಗ ಆದದ್ದು ನಮ್ಮ ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲೇ. 1977ರಲ್ಲಿ ಅದು ಕಾಯ್ದೆಯಾಯಿತು. ದೇಶಕ್ಕೆಲ್ಲ ಅಂಥ ಕಾಯ್ದೆ ಬರಲು 2005 ಆಗಬೇಕಾಯಿತು. ನಿನ್ನ ಪಗಾರದಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ರೂಪಾಯಿ ಪ್ರೊಫೆಷನ್ ಟ್ಯಾಕ್ಸ್ ಹಿಡಿಯುತ್ತಾರಲ್ಲ, 1975ರಲ್ಲಿ ಅದನ್ನು ಹಾಕಿದ್ದೇ ಈ ಯೋಜನೆಗೆ ದುಡ್ಡು ಹೊಂದಿಸಲು. ಪುಣೆಯಲ್ಲಿ ಕೂತ ನೀನೂ ಇದರೊಳಗೇ ಇದ್ದೀಯ.

ಇಷ್ಟೆಲ್ಲ ಇದ್ದರೂ ನಮ್ಮವರು ಸೋಲುವುದು ಒಂದು ಕಡೆ. ಹೆಸರಿನಲ್ಲಿ.

ನಮ್ಮವ್ವ ಮಲ್ಲವ್ವ. ಕನ್ನಡ ಶಾಲೆಯಲ್ಲಿ ನಾಲ್ಕನೇ ತನಕ ಓದಿದವಳು, ಸಹಿ ಕನ್ನಡದಲ್ಲೇ. ಈ ಯೋಜನೆಯಲ್ಲಿ ಕೆಲಸ ಕೇಳುವ ಅರ್ಜಿ, ನಮುನಾ 4, ಮರಾಠಿಯಲ್ಲಿ. ಜಾಬ್ ಕಾರ್ಡಿನಲ್ಲಿ ಅವಳು 'ಮಲವಾ', ಆಧಾರದಲ್ಲಿ 'ಮಲ್ಲವ್ವಾ', ಪಾಸ್‌ಬುಕ್ಕಿನಲ್ಲಿ 'ಮಾಳವಾ'. ಮೂರೂ ಕೂಡಿ ಬರದಿದ್ದರೆ ಕೂಲಿ ಬರುವುದಿಲ್ಲ. ಎರಡು ವಾರ ಬಿಸಿಲಲ್ಲಿ ಬದು ಹಾಕಿದ ದುಡ್ಡು ಹಾಗೇ ನಿಂತಿತು. ಒಂದು ಕಚೇರಿಯಲ್ಲಿ ಗುಮಾಸ್ತ, "ಕನ್ನಡ ಬೇಕಾದರೆ ಕರ್ನಾಟಕಕ್ಕೆ ಹೋಗಿ" ಅಂದ. ಅಲ್ಲಿಗೆ ಹೋದರೆ ನಮ್ಮನ್ನು ಮಹಾರಾಷ್ಟ್ರದವರು ಅನ್ನುತ್ತಾರೆ. ಎಲ್ಲಿಗೆ ಹೋಗಬೇಕು ಹೇಳು? ನಮ್ಮಜ್ಜಿ ಒಡೆದ ಖಡಿಯ ರಸ್ತೆ ಅದು. ಆ ಕಚೇರಿಗೆ ಗುಮಾಸ್ತ ದಿನಾ ಬರುವುದು ಅದರ ಮೇಲೇ.

ಅವತ್ತು ಹೊರಗೆ ಸಾಂಗೋಲೆಯ ಒಬ್ಬ ಶೇಕಾಪ ಕಾರ್ಯಕರ್ತ ನಿಂತಿದ್ದ, ತನ್ನ ನೆಂಟರ ಕೆಲಸಕ್ಕೆ ಬಂದವನು. ಕನ್ನಡದ ಒಂದಕ್ಷರ ಬಾರದು. ಅವ್ವನನ್ನು ಕಟ್ಟೆ ಮೇಲೆ ಕೂರಿಸಿ, "ಮಾವಶಿ, ನಿಮ್ಮ ಹೆಸರು ನಿಧಾನಕ್ಕೆ ಹೇಳಿ" ಅಂದ. ಮೂರು ಸಲ ಹೇಳಿಸಿದ. ಲಕ್ಕೆ ಲ ಒತ್ತು, ವಕ್ಕೆ ವ ಒತ್ತು ಕೊಟ್ಟು ಅರ್ಜಿ ಬರೆದ. ಒಳಗೆ ಹೋಗಿ ಅರ್ಜಿ ತಲುಪಿದ್ದಕ್ಕೆ ತಾರೀಖು ಹಾಕಿ ಕೊಡುವ ಪೋಚ್ ಪಾವತಿ ಕೈಗೆ ಬರುವ ತನಕ ಕದಲಲಿಲ್ಲ. ಆ ಚೀಟಿ ಇಲ್ಲದಿದ್ದರೆ ಕೊಟ್ಟ ಅರ್ಜಿ ಕೊಟ್ಟೇ ಇಲ್ಲ ಅನ್ನುತ್ತಾರೆ, ಅದು ಅವನಿಗೆ ಗೊತ್ತಿತ್ತು. ಓಟು ಕೇಳಲಿಲ್ಲ. ಜತ್ತದಲ್ಲಿ ಅವನಿಗೆ ನಮ್ಮ ಓಟಿನಿಂದ ಏನು ಲಾಭ, ಅಲ್ವಾ?

ಜಾಬ್ ಕಾರ್ಡ್ ಸರಿಯಾಗಿದೆ. ಪಾಸ್‌ಬುಕ್ ಬಾಕಿ ಇದೆ. ಶುಕ್ರವಾರ ರಾತ್ರಿ ಸ್ವಾರಗೇಟಿನಲ್ಲಿ ಬಸ್ ಹತ್ತುತ್ತೇನೆ. ಈ ಸಲ ಮೊದಲನೇ ಶನಿವಾರ, ಬ್ಯಾಂಕ್ ತೆರೆದಿರುತ್ತದೆ.