ಲಾರಿ ಕಲಿಯಲು ಯಾವ ಡ್ರೈವಿಂಗ್ ಸ್ಕೂಲ್? ಸ್ಟೇರಿಂಗ್ ಎಷ್ಟು ತಾಸು ಕೈಗೆ ಕೊಡ್ತಾರೆ, ಅದನ್ನ ಮೊದಲು ಕೇಳಿ

ನೀವು ಕೇಳಿದ್ದು ಇದು: ಊರು ಸಿಂಧನೂರಿನ ಹತ್ತಿರ, ವಯಸ್ಸು 21, ಕಾರಿನ ಲೈಸೆನ್ಸ್ ತಗೊಂಡು ಎರಡು ವರ್ಷ ಆಗಿದೆ, ಲಾರಿ ಕಲಿತು ಅದರಲ್ಲೇ ಜೀವನ ಮಾಡಬೇಕು ಅಂತಿದ್ದೀರಿ. ಒಂದು ಸ್ಕೂಲಿನವರು 9,000 ರೂಪಾಯಿ ಹೇಳಿ "ಹದಿನೈದು ದಿನದಾಗ ಲೈಸೆನ್ಸ್ ನಿಮ್ಮ ಕೈಯಾಗ ಇರ್ತೈತಿ" ಅಂದಿದ್ದಾರೆ. ಇನ್ನೊಬ್ಬರು 16,000 ಕೇಳಿ, ತಿಂಗಳು ಪೂರ್ತಿ ಬರಲೇಬೇಕು ಅಂದಿದ್ದಾರೆ. ಯಾವುದಕ್ಕೆ ಸೇರಲಿ?

ಎರಡನೆಯದಕ್ಕೆ. ಆದರೆ ಅಲ್ಲೂ ಇವತ್ತೇ ದುಡ್ಡು ಕಟ್ಟಬೇಡಿ. ಮೊದಲು ಒಂದು ದಿನ ಬೆಳಿಗ್ಗೆ ಹೋಗಿ ನೋಡಬೇಕು. ಏನು ನೋಡಬೇಕು, ಯಾಕೆ ನೋಡಬೇಕು ಅನ್ನೋದನ್ನ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ನಾನು 2007ರಲ್ಲಿ ಬಳ್ಳಾರಿಯಲ್ಲಿ ಲಾರಿ ಕಲಿತವನು. ಹನ್ನೆರಡು ವರ್ಷ ಗಾಡಿ ಓಡಿಸಿದೆ. ಈಗ ಆರು ವರ್ಷದಿಂದ ತೋರಣಗಲ್ಲು ಕಡೆಯ ಒಂದು ಟ್ರಾನ್ಸ್‌ಪೋರ್ಟಿನಲ್ಲಿದ್ದೀನಿ. ಹೊಸದಾಗಿ ಕೆಲಸ ಕೇಳಿಕೊಂಡು ಬರೋ ಡ್ರೈವರ್‌ಗಳ ಟ್ರಯಲ್ ತಗೊಳ್ಳೋದು ನನ್ನ ಕೆಲಸ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗಂಗಾವತಿ, ರಾಯಚೂರು, ಎಲ್ಲ ಕಡೆಯಿಂದ ಹುಡುಗರು ಬರ್ತಾರೆ. ಎಲ್ಲರ ಜೇಬಿನಲ್ಲೂ ಲೈಸೆನ್ಸ್ ಇರುತ್ತೆ. ಆದರೆ ಗಾಡಿ ಹತ್ತಿಸಿದ ಹತ್ತು ನಿಮಿಷದಲ್ಲಿ ಅರ್ಧಕ್ಕರ್ಧ ಜನ ಬೆವರೋಕೆ ಶುರು ಮಾಡ್ತಾರೆ. ಅದನ್ನ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ತಪ್ಪು ಆ ಹುಡುಗರದ್ದಲ್ಲ. ದುಡ್ಡು ಕೊಟ್ಟಿದ್ದಾರೆ, ಕಲಿಸಬೇಕಾದವರು ಕಲಿಸಿಲ್ಲ.

ಮೊದಲು ಆ ಹದಿನೈದು ದಿನದ ಮಾತು. ಕಾರಿನ ಲೈಸೆನ್ಸ್ ಒಂದು ವರ್ಷ ಹಳೆಯದಾಗಿರಬೇಕು, ವಯಸ್ಸು 20 ತುಂಬಿರಬೇಕು, ಆಗ ಮಾತ್ರ ಲಾರಿಯಂಥ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಲ್, ಅಂದ್ರೆ ಕಲಿಯೋರ ಲೈಸೆನ್ಸ್, ಸಿಗೋದು. ನಿಮಗೆ ಎರಡೂ ಆಗಿದೆ. ಆದರೆ ಎಲ್‌ಎಲ್ ಸಿಕ್ಕಿ 30 ದಿನ ಆಗದೆ ಆರ್‌ಟಿಒದಲ್ಲಿ ಟೆಸ್ಟಿಗೆ ನಿಲ್ಲೋ ಹಾಗೇ ಇಲ್ಲ. ಅದರ ಜೊತೆ ಸ್ಕೂಲಿನವರು ಕೊಡೋ ಫಾರಂ 5 ಅನ್ನೋ ತರಬೇತಿ ಸರ್ಟಿಫಿಕೇಟ್ ಬೇಕು. ಟ್ರಾನ್ಸ್‌ಪೋರ್ಟ್ ಗಾಡಿಯ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸಿದ್ದು 15 ತಾಸಿಗೆ ಕಡಿಮೆ ಇರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ 1989 ಹೇಳುತ್ತೆ. ಲೈಸೆನ್ಸ್ ಕೊಡಿಸೋ ವಿಷಯದಲ್ಲಿ ಜನರನ್ನ ದಾರಿ ತಪ್ಪಿಸೋ ಮಾತಾಡಬಾರದು ಅಂತಲೂ ಅದೇ ನಿಯಮದಲ್ಲಿ ಸ್ಕೂಲಿನವರಿಗೆ ಷರತ್ತು ಇದೆ. ಹಾಗಿರುವಾಗ ಹದಿನೈದು ದಿನ ಅಂತ ಬಾಯಿಬಿಟ್ಟು ಹೇಳಿದವರ ಹತ್ತಿರ ಮುಂದಿನ ಮಾತೇ ಬೇಡ.

ನಾನು ಕಲಿತ ಕಾಲ ಅದಿರಿನ ಕಾಲ. ಸಂಡೂರು, ಹೊಸಪೇಟೆ ರಸ್ತೆಯ ತುಂಬಾ ಕೆಂಪು ಧೂಳು, ಟಿಪ್ಪರಿಗೆ ಡ್ರೈವರ್ ಸಿಕ್ತಿರಲಿಲ್ಲ. ನಾನು ಸೇರಿದ ಸ್ಕೂಲಿನಲ್ಲಿ ಒಂದು ಹಳೆಯ ಆರು ಚಕ್ರದ ಗಾಡಿ ಇತ್ತು, ಖಾಲಿ ಗಾಡಿ. ಕ್ಯಾಬಿನ್ ಒಳಗೆ ಐದು ಜನ ಹುಡುಗರು, ಒಬ್ಬ ಮಾಸ್ಟರ್. ನನ್ನ ಪಾಳಿ ಬಂದಾಗ ನಾನು ಸ್ಟೇರಿಂಗ್ ಹಿಡೀತಿದ್ದೆ, ಅಷ್ಟೇ. ಕ್ಲಚ್ಚು, ಬ್ರೇಕು ಎರಡೂ ಮಾಸ್ಟರ್ ಕಾಲಲ್ಲಿ. ರಿವರ್ಸ್ ಒಂದು ಸಲವೂ ಹಾಕಿಸಲಿಲ್ಲ. ಎಲ್ಲ ಲೆಕ್ಕ ಹಾಕಿದರೆ ನಾನು ನಿಜವಾಗಿ ಗಾಡಿ ಓಡಿಸಿದ್ದು ಮೂರು ತಾಸು ಇರಬಹುದು. ಲೈಸೆನ್ಸ್ ಬಂತು. ನಮ್ಮವ್ವ ಅದನ್ನ ದೇವರ ಮುಂದೆ ಇಟ್ಟು ಕೈಮುಗಿದಳು.

ಮುಂದಿನ ವರ್ಷ ಅದಿರು ಲೋಡು ಮಾಡಿಕೊಂಡು ಬೇಲೆಕೇರಿ ಬಂದರಿಗೆ ಹೊರಟಿದ್ವಿ. ಹಿರಿಯ ಡ್ರೈವರ್ ಒಬ್ಬರು ಹುಬ್ಬಳ್ಳಿ ದಾಟೋವರೆಗೂ ಓಡಿಸಿ, ಯಲ್ಲಾಪುರದಲ್ಲಿ ಚಹಾ ಕುಡಿದು ನನ್ನ ಕೈಗೆ ಕೊಟ್ಟು ಹಿಂದಿನ ಸೀಟಿನ ಮೇಲೆ ಮಲಗಿದರು. ಅರಬೈಲ್ ಘಾಟಿ ಇಳಿಯೋದು ನನ್ನ ಪಾಲಿಗೆ ಬಂತು. ಬಯಲುಸೀಮೆಯಲ್ಲಿ ಕಲಿತವನಿಗೆ ಘಾಟಿ ಅಂದ್ರೆ ಏನು ಗೊತ್ತು? ಐದನೇ ಗೇರಿನಲ್ಲಿ ಬಿಟ್ಟೆ. ಗಾಡಿ ಓಟ ಕಟ್ಟಿದಾಗ ಬ್ರೇಕ್ ತುಳಿದೆ, ಮತ್ತೆ ಬಿಟ್ಟೆ, ಮತ್ತೆ ತುಳಿದೆ. ಮೂರು ತಿರುವು ಆಗೋ ಹೊತ್ತಿಗೆ ಸುಟ್ಟ ವಾಸನೆ ಬಂತು. ಆಮೇಲೆ ಬ್ರೇಕ್ ಹಿಡಿಸೋ ಗಾಳಿ ಕಡಿಮೆಯಾಗಿ ಎಚ್ಚರಿಕೆಯ ಬಝರ್ ಕೂಗೋಕೆ ಶುರುವಾಯ್ತು. ಆ ಸದ್ದಿಗೇ ಅವರು ಎದ್ದಿದ್ದು. "ಬ್ರೇಕ್ ತುಳಿಬ್ಯಾಡ! ಎಕ್ಸಾಸ್ಟ್ ಒತ್ತು, ಗೇರ್ ಇಳಸು, ಒಂದೊಂದಾ ಇಳಸು" ಅಂತ ನನ್ನ ಹೆಗಲು ಹಿಡಿದು ಹೇಳಿದರು. ಎಕ್ಸಾಸ್ಟ್ ಅಂದ್ರೆ ಇಂಜಿನ್ನಿನ ಹೊಗೆ ತಡೆದು ಗಾಡಿಯ ಓಟ ತಗ್ಗಿಸೋ ಬ್ರೇಕು. ನಾಲ್ಕು, ಮೂರು, ಆಮೇಲೆ ಎರಡು. ಗುಡ್ಡದ ಕಡೆಗೆ ಸರಿಸಿ ನಿಲ್ಲಿಸಿದಾಗ ನಾಲ್ಕೂ ಕಡೆ ಡ್ರಮ್ಮಿನಿಂದ ಹೊಗೆ. ನೀರು ಹಾಕೋಕೆ ಹೋದ ಕ್ಲೀನರನ್ನ ತಡೆದರು, ಕಾದ ಡ್ರಮ್ಮಿಗೆ ನೀರು ಬಿದ್ರೆ ಬಿರುಕು ಬಿಡುತ್ತೆ ಅಂತ. ಎರಡು ತಾಸು ಅಲ್ಲೇ ಕೂತ್ವಿ. ಅವರು ಬೈಯಲಿಲ್ಲ. "ಏರೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದಾ ಗೇರು. ಇಷ್ಟೂ ಹೇಳಿಲ್ಲೇನು ನಿಮ್ಮ ಸ್ಕೂಲಿನವರು?" ಅಂತ ಮಾತ್ರ ಕೇಳಿದರು. ಇಲ್ಲ, ಹೇಳಿರಲಿಲ್ಲ.

ಅದಕ್ಕೇ ನಿಮಗೆ ಹೇಳ್ತಿರೋದು: ಎಷ್ಟು ದಿನದ ಕೋರ್ಸ್ ಅಂತಲ್ಲ, ಎಷ್ಟು ತಾಸು ಸ್ಟೇರಿಂಗ್ ನನ್ನ ಕೈಲಿ ಇರುತ್ತೆ, ಆ ತಾಸುಗಳಲ್ಲಿ ಏನೇನು ಮಾಡಿಸ್ತೀರಿ ಅಂತ ಕೇಳಿ.

ಬೆಳಿಗ್ಗೆ ಆರೂವರೆಗೆ ಹೋಗಿ. ಹೇಳದೆ ಹೋಗಿ. ಗಾಡಿ ಹೊರಡೋ ಹೊತ್ತಿಗೆ ಕ್ಯಾಬಿನ್ ಒಳಗೆ ಎಷ್ಟು ಜನ ಹತ್ತುತ್ತಾರೆ ಎಣಿಸಿ. 15 ತಾಸನ್ನ 30 ದಿನಕ್ಕೆ ಹಂಚಿದ್ರೆ ದಿನಕ್ಕೆ ಅರ್ಧ ತಾಸು. ಗಾಡಿ ಒಂದೂವರೆ ತಾಸು ಹೊರಗೆ ಹೋಗಿ ಬಂದ್ರೆ ಅಷ್ಟರಲ್ಲಿ ಮೂರು ಜನಕ್ಕಿಂತ ಹೆಚ್ಚು ಕಲಿಯೋಕೆ ಆಗೋದಿಲ್ಲ. ಆರು ಜನ ಹತ್ತಿ ಅಷ್ಟೇ ಹೊತ್ತಿಗೆ ವಾಪಸ್ ಬಂದ್ರೆ ಅಲ್ಲಿ ಏನು ನಡೀತಿದೆ ಅಂತ ನಿಮಗೇ ತಿಳಿಯುತ್ತೆ. ಯಾವ ವಿದ್ಯಾರ್ಥಿ ಎಂದು ಎಷ್ಟು ಹೊತ್ತು ಓಡಿಸಿದ ಅಂತ ಬರೆಯೋ ಪುಸ್ತಕ ಪ್ರತಿ ಸ್ಕೂಲಿನಲ್ಲೂ ಇರಲೇಬೇಕು, ಅದಕ್ಕೆ ಫಾರಂ 15 ಅಂತಾರೆ. ಅದನ್ನ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಸರಿಯಾಗಿ ನಡೆಸೋರು ತೆಗೆದು ತೋರಿಸ್ತಾರೆ. ಸ್ಕೂಲಿನ ಲೈಸೆನ್ಸ್ ಫಾರಂ 11ರಲ್ಲಿ ಇರುತ್ತೆ, ಅದರ ಅವಧಿ ಮುಗಿದಿಲ್ಲ ತಾನೆ ನೋಡಿ.

ಗಾಡಿ ಯಾವುದು ನೋಡಿ. ಕೆಲವು ಕಡೆ ಸಣ್ಣ ಗಾಡಿಯಲ್ಲೇ ಕಲಿಸಿ ದೊಡ್ಡ ಗಾಡಿಯ ಸರ್ಟಿಫಿಕೇಟ್ ಕೊಡ್ತಾರೆ. ಏರ್ ಬ್ರೇಕ್, ಅಂದ್ರೆ ಗಾಳಿಯ ಒತ್ತಡದಿಂದ ಹಿಡಿಯೋ ಬ್ರೇಕ್, ಇರೋ ಗಾಡಿಯಲ್ಲಿ ಕಲಿಯದೆ ಟಿಪ್ಪರ್ ಹತ್ತಬೇಡಿ. ಟ್ರಯಲಿಗೆ ಬಂದ ಹುಡುಗರು ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಎಳೆಯೋಕೆ ಹೋಗ್ತಾರೆ, ಗಾಡಿ ಅಲ್ಲಾಡಲ್ಲ, ಕ್ಲಚ್ ಸುಡ್ತಾರೆ. ಪಾರ್ಕಿಂಗ್ ಬ್ರೇಕನ್ನ ಹಿಡಿದಿರೋದು ಸ್ಪ್ರಿಂಗು, ಬಿಡಿಸೋದು ಗಾಳಿ. ಟ್ಯಾಂಕಿನಲ್ಲಿ ಗಾಳಿ ತುಂಬಿ ಮೀಟರಿನ ಮುಳ್ಳು ಮೇಲೆ ಬರೋವರೆಗೂ ಕಾಯಬೇಕು. ಟ್ಯಾಂಕಿನ ಕೆಳಗಿನ ವಾಲ್ವ್ ಬಿಟ್ಟು ಒಳಗಿನ ನೀರು ಇಳಿಸಬೇಕು. ಎರಡೇ ಎರಡು ದಿನ ಗಾಡಿಯ ಕೆಳಗೆ ಬಗ್ಗಿಸಿ ತೋರಿಸಿದ್ರೆ ಜನ್ಮಪೂರ್ತಿ ನೆನಪಿರುತ್ತೆ. ಹಾಗೆ ತೋರಿಸೋ ಮಾಸ್ಟರ್ ಸಿಕ್ರೆ ಅವರನ್ನ ಬಿಡಬೇಡಿ. ಮಾಸ್ಟರ್ ಕನಿಷ್ಠ ಹತ್ತನೇ ತರಗತಿ ಓದಿರಬೇಕು, ಐದು ವರ್ಷ ಗಾಡಿ ಓಡಿಸಿರಬೇಕು ಅಂತ ನಿಯಮ ಇದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ: ಲೋಡು ಗಾಡಿಯಲ್ಲಿ ದೂರದ ಲೈನ್ ಹೋಗಿ ಬಂದವರಾ ಅಂತ ಕೇಳಿ.

ರಿವರ್ಸ್ ಬಗ್ಗೆ ಬೇರೆಯಾಗೇ ಹೇಳಬೇಕು. ನಮ್ಮ ಯಾರ್ಡಿನಲ್ಲಿ ಎರಡು ಖಾಲಿ ಡ್ರಮ್ ಇಟ್ಟು, ಹತ್ತು ಚಕ್ರದ ಟಿಪ್ಪರನ್ನ ಅವುಗಳ ನಡುವೆ ಹಿಂದಕ್ಕೆ ತಗೊಳ್ಳಿ ಅಂತೀನಿ. ಎರಡೂ ಕನ್ನಡಿ ನೋಡಬೇಕು, ಅನುಮಾನ ಬಂದ್ರೆ ಇಳಿದು ಹೋಗಿ ನೋಡಿ ಬರಬೇಕು. ಇಳಿದು ನೋಡಿದವನಿಗೆ ನಾನು ಹೆಚ್ಚು ಅಂಕ ಕೊಡ್ತೀನಿ. ಹೆಚ್ಚಿನವರು ನಾಚಿಕೆಪಟ್ಟು ಇಳಿಯೋದೇ ಇಲ್ಲ. ಅಕ್ಕಿ ಗಿರಣಿ, ಸಿಮೆಂಟ್ ಗೋದಾಮು, ಗಣಿಯ ಡಂಪ್, ಎಲ್ಲಿ ಹೋದರೂ ಗಾಡಿ ಹಚ್ಚೋದು ಹಿಂದಕ್ಕೇ. ಜನ ಸಾಯೋದೂ ಅಲ್ಲೇ. ಹಿಂದೆ ನಿಂತ ಹಮಾಲಿ, ಪಕ್ಕದಲ್ಲಿ ಸೈಡ್ ಹೇಳ್ತಾ ನಿಂತ ನಮ್ಮದೇ ಕ್ಲೀನರ್ ಹುಡುಗ. ಎಡಕ್ಕೆ ತಿರುಗೋವಾಗಲೂ ಇದೇ ಭಯ. ಹಿಂದಿನ ಗಾಲಿ ಮುಂದಿನ ಗಾಲಿಯ ದಾರಿಯಲ್ಲಿ ಬರೋದಿಲ್ಲ, ಒಳಕ್ಕೆ ಕಡಿದುಕೊಂಡು ಬರುತ್ತೆ. ಎಡಗಡೆ ನುಗ್ಗಿದ ಬೈಕಿನವನು ಸೀಟಿನಿಂದ ಕಾಣೋದೇ ಇಲ್ಲ. ಎಲ್ಲೆಲ್ಲಿ ಕಾಣೋದಿಲ್ಲ ಅಂತ ಕೆಳಗೆ ಮನುಷ್ಯರನ್ನ ನಿಲ್ಲಿಸಿ ತೋರಿಸ್ತಾರಾ ಅಂತ ಸ್ಕೂಲಿನಲ್ಲಿ ಕೇಳಿ.

ನಿಮ್ಮ ಸೀಮೆಗೆ ಬೇಕಾದ್ದು ಇನ್ನೊಂದಿದೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಎರೆ ಮಣ್ಣು. ಮಳೆ ಬಿದ್ದಾಗ ಡಾಂಬರಿನ ಅಂಚು ಬಿಟ್ಟು ಗಾಲಿ ಕೆಳಗಿಳಿದರೆ ಲೋಡು ಗಾಡಿ ಅಲ್ಲೇ ವಾಲುತ್ತೆ. ತುಂಗಭದ್ರಾ ಎಡದಂಡೆ ಕಾಲುವೆ ರಸ್ತೆಯಲ್ಲಿ ಎದುರಿಗೆ ಬಸ್ ಬಂದ್ರೆ ಎಲ್ಲಿ ನಿಲ್ಲಬೇಕು, ಎಷ್ಟು ಸರೀಬೇಕು ಅನ್ನೋದು ಓಡಿಸಿಯೇ ಬರಬೇಕಾದ ವಿದ್ಯೆ. ಭತ್ತದ ಸುಗ್ಗಿಯಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಾತ್ರಿ ಹೊತ್ತು ರಸ್ತೆ ಮೇಲೇ ನಿಂತಿರುತ್ತೆ. ಹಾಗಾಗಿ ಎರಡು ದಿನವಾದರೂ ಕತ್ತಲಲ್ಲಿ ಓಡಿಸೋಕೆ ಕೊಡಿ ಅಂತ ಮಾಸ್ಟರನ್ನ ಕೇಳಿಕೊಳ್ಳಿ. ಘಾಟಿ ಹತ್ತಿರದಲ್ಲಿ ಇಲ್ಲ, ನಿಜ. ಸಂಡೂರಿನ ಗುಡ್ಡದ ರಸ್ತೆಗೆ ಒಂದು ದಿನ ಕರ್ಕೊಂಡು ಹೋಗೋ ಸ್ಕೂಲ್ ಆದರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. 9,000ದವರು ಐದು ತಾಸು ಸ್ಟೇರಿಂಗ್ ಕೊಟ್ಟರೆ ತಾಸಿಗೆ 1,800 ರೂಪಾಯಿ ಬಿತ್ತು. 16,000ದವರು 15 ತಾಸು ಪೂರ್ತಿ ಕೊಟ್ಟರೆ ತಾಸಿಗೆ 1,100ರ ಒಳಗೇ. ನಿಮ್ಮ ಮನೆಯಲ್ಲಿ ಹಿರಿಯರು ಕಡಿಮೆಯದಕ್ಕೇ ಹೋಗು ಅಂದ್ರೆ ಈ ಲೆಕ್ಕ ತೋರಿಸಿ.

2021ರ ಜುಲೈನಿಂದ ಇನ್ನೊಂದು ನಮೂನೆಯ ಕೇಂದ್ರಗಳಿಗೆ ಕೇಂದ್ರ ಸರ್ಕಾರ ದಾರಿ ಮಾಡಿಕೊಟ್ಟಿದೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಅಂತ. ದೊಡ್ಡ ಗಾಡಿ ಕಲಿಸೋಕೆ ಅಲ್ಲಿ ಎರಡು ಎಕರೆ ಜಾಗ, ಟ್ರ್ಯಾಕ್, ಸಿಮ್ಯುಲೇಟರ್ (ಪರದೆ ನೋಡ್ತಾ ಓಡಿಸಿ ಕಲಿಯೋ ಯಂತ್ರ) ಇರಬೇಕು. ಆರು ವಾರದಲ್ಲಿ ಪಾಠ, ಓಡಿಸೋದು ಸೇರಿ 38 ತಾಸು. ಅಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟ್ ಇರೋದಿಲ್ಲ. ಇಂಥ ಕೇಂದ್ರ ನಿಮಗೆ ಓಡಾಡೋ ದೂರದಲ್ಲಿ ಸಿಕ್ಕರೆ ಅದೇ ಒಳ್ಳೆಯದು. ಆದರೆ ಟೆಸ್ಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸೇರಬೇಡಿ. ಅಲ್ಲೂ ಬೆಳಿಗ್ಗೆ ಹೋಗಿ, ಟ್ರ್ಯಾಕಿನ ಮೇಲೆ ಗಾಡಿ ಓಡ್ತಿದೆಯಾ ನೋಡಿ.

ಟಿಪ್ಪರ್ ಒಂದನ್ನೇ ಕಲಿತು ಕೂರಬೇಡಿ ಅಂತಲೂ ಹೇಳ್ತೀನಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿಯಿಂದ ರೈಲಿಗೆ ಅದಿರು ತುಂಬೋ ರೈಲ್ವೆ ಸೈಡಿಂಗಿಗೆ ಮಾತ್ರ ಓಡಿಸಿ ಗೊತ್ತಿದ್ದ ನನ್ನ ಗೆಳೆಯರು ತಿಂಗಳುಗಟ್ಟಲೆ ಮನೆಯಲ್ಲಿ ಕೂತರು. ತಾಡಪಲ್ ಕಟ್ಟೋದು, ಹಗ್ಗ ಬಿಗಿಯೋದು, ಲೋಡು ಸರಿಯಾಗಿ ಕೂರಿಸೋದು, ಬಿಲ್ಟಿ (ಸರಕಿನ ಚೀಟಿ), ಪರ್ಮಿಟ್ ನೋಡೋದು ಗೊತ್ತಿದ್ದವರು ಗಂಗಾವತಿ ಅಕ್ಕಿ ಲೋಡಿಗೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಗಾಡಿಗೆ ಹೋಗಿ ಹೊಟ್ಟೆ ಹೊರೆದರು. ನನ್ನನ್ನ ಉಳಿಸಿದ್ದೂ ಘಾಟಿಯಲ್ಲಿ ಜೊತೆಗಿದ್ದ ಅದೇ ಹಿರಿಯ ಡ್ರೈವರ್ ಕಲಿಸಿದ ತಾಡಪಲ್ ಕಟ್ಟೋ ಕೆಲಸ.

ಕಣ್ಣು ಸರಿಯಾಗಿ ತೋರಿಸಿಕೊಳ್ಳಿ. ಫಾರಂ 1ಎ ಅನ್ನೋ ಆರೋಗ್ಯದ ಸರ್ಟಿಫಿಕೇಟಿಗೆ ಡಾಕ್ಟರ ಸಹಿ ಸುಮ್ಮನೆ ಹಾಕಿಸಿಕೊಂಡು ಬರಬೇಡಿ.

ಈ ತಿಂಗಳು ದುಡ್ಡು ಹೊಂದದಿದ್ದರೆ ಅವಸರ ಬೇಡ. ಒಟ್ಟು ತೂಕ 7,500 ಕೆಜಿ ಒಳಗಿರೋ ಸರಕು ಗಾಡಿಯನ್ನ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆರು ತಿಂಗಳು ಎಪಿಎಂಸಿಗೆ ಪಿಕಪ್ ಓಡಿಸಿ. ಲೋಡು ತುಂಬಿದ ಗಾಡಿ ನಿಲ್ಲೋಕೆ ಎಷ್ಟು ದೂರ ತಗೊಳ್ಳುತ್ತೆ ಅನ್ನೋದು ಕಾಲಿಗೆ ಗೊತ್ತಾಗುತ್ತೆ, ಫೀಸಿನ ದುಡ್ಡೂ ಆಗುತ್ತೆ.

ಸೇರೋವಾಗ ಫೀಸು ಎರಡು ಕಂತಿನಲ್ಲಿ ಕೊಡ್ತೀನಿ ಅಂತ ಮೊದಲೇ ಮಾತಾಡಿಕೊಳ್ಳಿ, ಎರಡಕ್ಕೂ ರಸೀದಿ ತಗೊಳ್ಳಿ. ಅರ್ಧ ಸೇರಿದ ದಿನ. ಇನ್ನರ್ಧ, ಮಾಸ್ಟರ್ ಕೆಳಗಿಳಿದು ನಿಂತು, ನೀವೊಬ್ಬರೇ ಗಾಡಿಯನ್ನ ಗೇಟಿನೊಳಗೆ ರಿವರ್ಸ್ ತಗೊಂಡ ದಿನ.