ಅಶ್ಲೀಲ ತಾಣಗಳಿಗೆ ಬೇರೆ ಡೊಮೇನ್ ಕೊಟ್ಟರೆ ಕ್ರೈಸ್ತ ಕುಟುಂಬಕ್ಕೆ ಉಪಯೋಗ ಐತೇನು?

ಗುಳೇದಗುಡ್ಡದ ಸಹೋದರರೇ, ನೀವು ಕೇಳಿದ್ದು ಎರಡು ಪ್ರಶ್ನೆ. ಅಶ್ಲೀಲ ತಾಣಗಳಿಗಾಗಿ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಎಂಬ ಪ್ರತ್ಯೇಕ ಡೊಮೇನ್ (ಡಾಟ್ ಕಾಮ್‌ನಂತೆ ತಾಣದ ವಿಳಾಸದ ಕೊನೆಯ ಭಾಗ) ಇರುವುದನ್ನು ವಿಶ್ವಾಸಿಗಳು ಒಪ್ಪಬೇಕೇ? ಅದೊಂದನ್ನು ಬಂದ್ ಮಾಡಿದರೆ ಹತ್ತನೇ ತರಗತಿಯ ಮಗನ ಫೋನ್ ಸುರಕ್ಷಿತವೇ? ಎರಡನೆಯದರಿಂದ ಶುರು ಮಾಡುತ್ತೇನೆ: ಸುರಕ್ಷಿತ ಅಲ್ಲ. ಆ ಡೊಮೇನಿಗೆ ಹೋಗಲೇಬೇಕೆಂಬ ಕಡ್ಡಾಯ ಯಾವ ಅಶ್ಲೀಲ ತಾಣಕ್ಕೂ ಇಲ್ಲ. ದೊಡ್ಡ ತಾಣಗಳೆಲ್ಲ ಡಾಟ್ ಕಾಮ್‌ನಲ್ಲೇ ಉಳಿದಿವೆ.

ಐಸಿಎಂ ರಿಜಿಸ್ಟ್ರಿ ಎಂಬ ಕಂಪನಿ ಈ ಡೊಮೇನಿಗಾಗಿ 2004ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ಅರ್ಜಿ ಹಾಕಿತ್ತು. 2005ರಲ್ಲಿ ಒಪ್ಪಿಗೆ ಸಿಗುವ ಹೊತ್ತಿಗೆ ಅಮೆರಿಕದ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್‌ನಂಥ ಕ್ರೈಸ್ತ ಸಂಘಟನೆಗಳು ಎದ್ದು ನಿಂತವು. ಅಲ್ಲಿನ ವಾಣಿಜ್ಯ ಇಲಾಖೆಗೆ ಸಾವಿರಾರು ಪತ್ರಗಳು ಹೋದವು. ಹೊಸ ಡೊಮೇನ್ ಬಂದರೆ ಹಳೆಯ ಒಂದು ತಾಣವೂ ಮುಚ್ಚುವುದಿಲ್ಲ, ದಂಧೆಗೆ ಗೌರವದ ಜಾಗ ಸಿಕ್ಕಂತಾಗುತ್ತದೆ ಎಂಬುದು ಅವರ ವಾದ. ಆ ದಂಧೆಯವರ ಸಂಘ ಫ್ರೀ ಸ್ಪೀಚ್ ಕೊಯಲಿಷನ್ ಕೂಡ ವಿರೋಧಿಸಿತು. ಇವತ್ತು ಐಚ್ಛಿಕ ಅಂದದ್ದು ನಾಳೆ ಕಡ್ಡಾಯ ಆದೀತು ಎಂಬ ಭಯ ಅವರಿಗೆ. ಐಕ್ಯಾನ್ 2006 ಮತ್ತು 2007ರಲ್ಲಿ ತಿರಸ್ಕರಿಸಿತು. 2010ರಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿ ಕಂಪನಿಯ ಪರ ಹೇಳಿತು, 2011ರ ಮಾರ್ಚ್‌ನಲ್ಲಿ ಒಪ್ಪಿಗೆ ಬಂತು, ಡಿಸೆಂಬರ್‌ನಿಂದ ಹೆಸರುಗಳ ಮಾರಾಟ ಎಲ್ಲರಿಗೂ ತೆರೆಯಿತು. ತಮ್ಮ ಹೆಸರನ್ನು ಬೇರೆಯವರು ಕೊಂಡು ಕೆಡಿಸಬಾರದೆಂದು ವಿಶ್ವವಿದ್ಯಾಲಯಗಳೂ ದುಡ್ಡು ಕೊಟ್ಟು ಖಾಲಿ ಹೆಸರು ಕಾಯ್ದಿರಿಸಬೇಕಾಯಿತು.

ಹಾಗಾದರೆ ಕಾನೂನಿನಿಂದ ಕಡ್ಡಾಯ ಮಾಡಬಾರದೇ ಎಂದು ನೀವು ಕೇಳಬಹುದು. ಯಾವುದು ಅಶ್ಲೀಲ ಎಂದು ಯಾರು ತೀರ್ಮಾನಿಸಬೇಕು? ನಿಮ್ಮ ಹತ್ತಿರದ ಐಹೊಳೆಯ ದುರ್ಗ ದೇವಾಲಯದ ಕಂಬಗಳ ಮೇಲೆ ಮಿಥುನ ಶಿಲ್ಪಗಳಿವೆ. ಅವುಗಳ ಫೋಟೊ ಯಾವ ಡೊಮೇನಿಗೆ ಹೋಗಬೇಕು? ಸ್ತನ ಕ್ಯಾನ್ಸರ್ ಪರೀಕ್ಷೆಯ ಚಿತ್ರ? ದೇಶದೇಶಕ್ಕೆ ಅಳತೆ ಬೇರೆ. ಇಂಟರ್ನೆಟ್ ತಂತ್ರಜ್ಞರು 2004ರಲ್ಲೇ ಆರ್‌ಎಫ್‌ಸಿ 3675 ಎಂಬ ದಾಖಲೆಯಲ್ಲಿ ಈ ತೊಡಕುಗಳನ್ನು ಬಿಡಿಸಿ ಬರೆದಿದ್ದಾರೆ. ಡೊಮೇನ್ ಹೆಸರು ಬರೀ ಬಾಗಿಲ ಮೇಲಿನ ಫಲಕ, ಅದೇ ಕೋಣೆಗೆ ಇನ್ನೊಂದು ಫಲಕ ಹಾಕುವುದು ಯಾರಿಗೂ ಕಷ್ಟವಲ್ಲ.

ಆದ್ದರಿಂದ ಆ ಡೊಮೇನಿನ ಪರವಾಗಿಯೂ ವಿರೋಧವಾಗಿಯೂ ಸಭೆಯ ಶಕ್ತಿ ಖರ್ಚಾಗಬಾರದು ಎಂಬುದು ನನ್ನ ಅಭಿಪ್ರಾಯ. ಯೋಬ 31:1ರಲ್ಲಿ ಕಣ್ಣುಗಳೊಂದಿಗೆ ಒಡಂಬಡಿಕೆ ಮಾಡಿಕೊಂಡವನು ಯೋಬನೇ, ಅದನ್ನು ಅವನ ಪರವಾಗಿ ಊರಿನ ಹಿರಿಯರು ಮಾಡಲಿಲ್ಲ. ದೊಡ್ಡವರಿಗೆ ಈ ವಚನ ಸಾಕು. ಮಕ್ಕಳ ವಿಷಯದಲ್ಲಿ ಮತ್ತಾಯ 18:6 ಹೊಣೆಯನ್ನು ನಮ್ಮ ಕೊರಳಿಗೇ ಕಟ್ಟುತ್ತದೆ. ಅದಕ್ಕೇ ಮನೆಯಲ್ಲಿ ಫಿಲ್ಟರ್ ಬೇಕು.

ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನ್ ಇದ್ದರೆ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ಪ್ರೈವೇಟ್ ಡಿಎನ್‌ಎಸ್ ಹುಡುಕ್ರಿ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಸೇವೆಯೇ ಡಿಎನ್‌ಎಸ್, ಕ್ಲೌಡ್‌ಫ್ಲೇರ್ ಕಂಪನಿಯ ಕುಟುಂಬದ ಡಿಎನ್‌ಎಸ್ ಅಶ್ಲೀಲ ತಾಣಗಳಿಗೆ ವಿಳಾಸ ಕೊಡುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್ ಒಳಗೆ, ಮೋರ್ ಕನೆಕ್ಷನ್ ಸೆಟ್ಟಿಂಗ್ಸ್ ಕೆಳಗೆ ಇರುತ್ತದೆ. ಹೋಸ್ಟ್‌ನೇಮ್ ಜಾಗದಲ್ಲಿ ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್ ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಹಾಕ್ರಿ. ಒಂದಕ್ಷರ ತಪ್ಪಿದರೂ ಇಂಟರ್ನೆಟ್ಟೇ ನಿಲ್ಲುತ್ತದೆ, ಗಾಬರಿಯಾಗಬೇಡ್ರಿ, ಕಾಗುಣಿತ ನೋಡ್ರಿ. ಅಲ್ಲಿ ಅಂಕಿಯ ವಿಳಾಸ ನಡೆಯುವುದಿಲ್ಲ. ಮನೆಯ ವೈಫೈ ರೂಟರ್‌ಗೆ ಮಾತ್ರ ಅಂಕಿ: ಡಿಎಚ್‌ಸಿಪಿ (ಮನೆಯ ಫೋನ್‌ಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಪುಟದಲ್ಲಿ ಮೊದಲ ಡಿಎನ್‌ಎಸ್ 1.1.1.3, ಎರಡನೆಯದು 1.0.0.3. ಎರಡನೆಯ ಜಾಗದಲ್ಲಿ ಗೂಗಲ್‌ನ ಫಿಲ್ಟರ್ ಇಲ್ಲದ 8.8.8.8 ಬಿಟ್ಟರೆ ಫಿಲ್ಟರ್ ಸೋರುತ್ತದೆ.

ಇಷ್ಟು ಮಾಡಿಯೂ ತಾಣ ತೆರೆದರೆ ಬಹುಪಾಲು ಕಾರಣ ಐಪಿವಿ6, ಅಂದರೆ ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ. ರೂಟರ್ ನಿಮ್ಮ ಅಂಕಿಯನ್ನೂ ಕೊಡುತ್ತದೆ, ಇಂಟರ್ನೆಟ್ ಕಂಪನಿಯ ಐಪಿವಿ6 ಡಿಎನ್‌ಎಸ್‌ನ್ನೂ ಕೊಡುತ್ತದೆ, ಫೋನ್ ಎರಡನೆಯದನ್ನು ಹಿಡಿಯುತ್ತದೆ. ರೂಟರ್‌ನ ಐಪಿವಿ6 ಡಿಎನ್‌ಎಸ್ ಜಾಗದಲ್ಲಿ 2606:4700:4700::1113 ಮತ್ತು 2606:4700:4700::1003 ಹಾಕ್ರಿ. ಕ್ರೋಮ್‌ನ ಸೆಕ್ಯೂರ್ ಡಿಎನ್‌ಎಸ್‌ನಲ್ಲಿ ಬೇರೆ ಕಂಪನಿ ಆರಿಸಿದ್ದರೂ ಫಿಲ್ಟರ್ ತಪ್ಪುತ್ತದೆ. ಇಂಟರ್ನೆಟ್ ಬಳಕೆಯನ್ನು ಬೇರೆ ಗುಪ್ತ ದಾರಿಯಿಂದ ಕಳಿಸುವ ವಿಪಿಎನ್ ಆ್ಯಪ್ ಇದ್ದರಂತೂ ಯಾವ ಡಿಎನ್‌ಎಸ್ ಹಾಕಿಯೂ ಪ್ರಯೋಜನವಿಲ್ಲ. ಹೊಸ ಆ್ಯಪ್‌ಗೆ ನಿಮ್ಮ ಅನುಮತಿ ಬೇಕಾಗುವಂತೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಡ್ರಿ. ಹುಡುಕಾಟದಲ್ಲಿ ಅಶ್ಲೀಲ ಫಲಿತಾಂಶ ತಡೆಯುವ ಗೂಗಲ್‌ನ ಸೇಫ್‌ಸರ್ಚ್ ಕೂಡ ಆನ್ ಮಾಡ್ರಿ.

ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವುದನ್ನು ಡಿಎನ್‌ಎಸ್ ತಡೆಯಲಾರದು. ಅಲ್ಲಿ ಮಾತುಕತೆಯೇ ಬೇಕು. ಫಿಲ್ಟರ್ ಹಾಕಿದ್ದನ್ನು ಮಗನಿಂದ ಮುಚ್ಚಿಡಬೇಡ್ರಿ, ಯಾಕೆ ಹಾಕಿದ್ದೀರಿ ಎಂದೂ ಹೇಳ್ರಿ. ಏನಾದರೂ ನೋಡಿದ್ದು ಗೊತ್ತಾದರೆ ಯುವಜನ ಕೂಟದಲ್ಲಿ ಅವನ ಹೆಸರು ಎತ್ತಿ ಪ್ರಾರ್ಥನೆ ಮಾಡಿಸಬೇಡ್ರಿ. ನಾಚಿಕೆಯಿಂದ ಅವನು ಇನ್ನಷ್ಟು ಅಡಗಿಕೊಳ್ಳುತ್ತಾನೆ. ಯಾರಾದರೂ ಅವನ ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ದುಡ್ಡು ಕೊಡಬೇಡ್ರಿ, ಚಾಟ್ ಅಳಿಸಬೇಡ್ರಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡ್ರಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಆ ಚಿತ್ರವನ್ನು ಸಭಾಪಾಲಕರಿಗೂ ಫಾರ್ವರ್ಡ್ ಮಾಡಬೇಡ್ರಿ. 18 ವರ್ಷದೊಳಗಿನವರ ಅಶ್ಲೀಲ ಚಿತ್ರವನ್ನು ಕಳಿಸುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ.